ಕರೆಂಟ್ ಬಿಲ್ ಟೈಪ್ ಮಾಡಿದ್ದೂ ಹವಾಮಾನದ ಕೆಲಸವಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಬೆಂಗಳೂರಿನ ಒಂದು ಕ್ಲೈಮೇಟ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಸೋಲಾರ್, ಬ್ಯಾಟರಿ ಇಂಥದ್ದರ ಕೆಲಸ ಇರುತ್ತೆ ಅಂತ ಆಸೆಯಿಂದ ಹೋದೆ. ಆದರೆ ಕೊನೆವರೆಗೂ ನನ್ನ ಕೈಗೆ ಬಂದಿದ್ದು ಫ್ಯಾಕ್ಟರಿಗಳ ಕರೆಂಟ್ ಬಿಲ್ ಮತ್ತು ಡೀಸೆಲ್ ಬಿಲ್. ಎಕ್ಸೆಲ್‌ಗೆ ಹಾಕು, ಅನುಮಾನ ಬಂದರೆ ಫೋನ್ ಮಾಡಿ ಕೇಳು, ಅಷ್ಟೇ. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಸ್ಟೈಪೆಂಡ್ ಪಿಜಿ ಬಾಡಿಗೆಗೂ ಸಾಲಲಿಲ್ಲ. ‘ಲೆಕ್ಕ ಬರೆಯೋಕೆ ಬೆಂಗಳೂರಿಗೆ ಯಾಕೆ ಹೋಗಬೇಕಿತ್ತು, ನಮ್ಮ ಎಪಿಎಂಸಿ ಮಂಡಿಯಲ್ಲೇ ಬರೀಬಹುದಿತ್ತು’ ಅಂತಾರೆ ಅಪ್ಪ. ಈಗ ಕಾಲೇಜಿಗೆ ವರದಿ ಕೊಡಬೇಕು. ಏನಂತ ಬರೆಯಲಿ?

— ಓದುಗ, ದಾವಣಗೆರೆ

ಉತ್ತರ: ಮೊದಲು ನಿಮ್ಮ ದೂರಿನ ಬಗ್ಗೆ. ಹೇಳಿಕೊಡದೆ ಕೆಲಸ ಮಾಡಿಸಿಕೊಂಡಿದ್ದು ಕಂಪನಿಯ ತಪ್ಪು. ಇಂಟರ್ನ್ ಅಂದರೆ ಕಲಿಯೋಕೆ ಬಂದವನು. ಬೆಂಗಳೂರಲ್ಲಿ ಇರಿಸಿಕೊಂಡು ಬಾಡಿಗೆಗೂ ಸಾಲದಷ್ಟು ಕೊಟ್ಟರೆ ಆ ಖರ್ಚು ಬೀಳೋದು ಅಪ್ಪನ ಜೇಬಿಗೆ. ಇದನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಬರವಣಿಗೆಯಲ್ಲೇ ತಿಳಿಸಿ, ಮುಂದಿನ ವರ್ಷ ಹೋಗುವ ಹುಡುಗರಿಗೆ ಅದು ಬೇಕಾಗುತ್ತೆ.

ಆದರೆ ನೀವು ಮಾಡಿದ ಕೆಲಸ ವ್ಯರ್ಥ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಒಂದು ಕಾರ್ಖಾನೆ ಎಷ್ಟು ಇಂಗಾಲ ಬಿಡುತ್ತೆ ಅನ್ನೋದನ್ನು ಹೆಚ್ಚಿನ ಕಡೆ ಯಾರೂ ಚಿಮಣಿಗೆ ಮೀಟರ್ ಕಟ್ಟಿ ಅಳೆಯಲ್ಲ. ಬಿಲ್‌ನಿಂದಲೇ ಲೆಕ್ಕ ತೆಗೀತಾರೆ. ನಮ್ಮ ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಗ್ರಿಡ್‌ನ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಆಗಾಗ ಪರಿಷ್ಕರಿಸಿ ಪ್ರಕಟಿಸುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ವಿಂಡ್‌ಮಿಲ್‌ಗಳ ಕರೆಂಟೂ ಆ ಸರಾಸರಿಯಲ್ಲಿ ಸೇರಿರುತ್ತೆ. ಕಲ್ಲಿದ್ದಲಿನ ಪಾಲು ಕಮ್ಮಿ ಆದಷ್ಟೂ ಆ ಅಂಕಿ ಇಳಿಯುತ್ತೆ.

ಗುಣಾಕಾರ ಯಾರಾದರೂ ಮಾಡ್ತಾರೆ. ಕಷ್ಟ ಇರೋದು ಬಿಲ್ ಓದೋದರಲ್ಲಿ. ದೊಡ್ಡ ಕಾರ್ಖಾನೆಗಳಿಗೆ ಕೊಡುವ ಎಚ್‌ಟಿ (ಹೈ ಟೆನ್ಷನ್) ಸಂಪರ್ಕದ ಬಿಲ್ ನೀವೇ ನೋಡಿರಬೇಕು. ಹೊಸ ರೀಡಿಂಗ್‌ನಲ್ಲಿ ಹಳೇ ರೀಡಿಂಗ್ ಕಳೆದರೆ 400 ಬಂತು ಅಂದುಕೊಳ್ಳಿ. ಪಕ್ಕದಲ್ಲಿ ಮೀಟರ್ ಕಾನ್‌ಸ್ಟಂಟ್ 100 ಅಂತ ಸಣ್ಣದಾಗಿ ಇರುತ್ತೆ. ಅದರಿಂದ ಗುಣಿಸಿದರೆ 40,000 ಯೂನಿಟ್, ಅಂದರೆ 28 ಟನ್. ಅದು ಕಣ್ತಪ್ಪಿದರೆ ಬರೀ 280 ಕೆ.ಜಿ.! ಡೀಸೆಲ್ ಕಥೆ ಇನ್ನೊಂದು. ಕೆಲವು ಬಿಲ್‌ನಲ್ಲಿ ರೂಪಾಯಿ ಮಾತ್ರ ಇರುತ್ತೆ, ಲೀಟರ್ ಇರಲ್ಲ. ಮಾರ್ಚ್‌ನಲ್ಲಿ ತಂದ ಬ್ಯಾರೆಲ್ ಏಪ್ರಿಲ್‌ನಲ್ಲಿ ಖಾಲಿ ಆಗಿರುತ್ತೆ, ಲೆಕ್ಕದ ವರ್ಷವೇ ಬದಲಾಗಿಬಿಡುತ್ತೆ. ಹೊಗೆ ಎಲ್ಲಿಂದ ಬಂತು, ಯಾರದ್ದು ಅನ್ನೋದರ ಮೇಲೆ ಲೆಕ್ಕವನ್ನು ಮೂರು ಗುಂಪು ಮಾಡ್ತಾರೆ, ಅದಕ್ಕೆ ಸ್ಕೋಪ್ ಅಂತ ಹೆಸರು. ಅದೇ ಡೀಸೆಲ್ ಕಂಪನಿಯ ಸ್ವಂತ ಲಾರಿಗೆ ಹೋದರೆ ಸ್ಕೋಪ್ 1, ಬಾಡಿಗೆ ಲಾರಿಯವನು ತುಂಬಿಸಿದರೆ ಸ್ಕೋಪ್ 3. ಕೊಂಡ ಕರೆಂಟು ಸ್ಕೋಪ್ 2. ನೀವು ಫೋನ್ ಮಾಡಿ ‘ಸರ್, ಇದು ಯಾರ ಲಾರಿ’ ಅಂತ ಕೇಳಿದ್ದು ಇದಕ್ಕೇ.

ಅಪ್ಪನಿಗೂ ಇದನ್ನೇ ಹೇಳಿ. ಮಂಡಿಯ ಗುಮಾಸ್ತರು ತೂಕದ ಚೀಟಿ ನೋಡದೆ ಮೆಕ್ಕೆಜೋಳದ ದುಡ್ಡು ಬರೆಯಲ್ಲ ಅಲ್ವಾ? ಇಲ್ಲಿ ನೀವು ನೋಡಿದ್ದು ಹೊಗೆಯ ತೂಕದ ಚೀಟಿ. ಮತ್ತೆ ಇದನ್ನು ಕಂಪನಿಗಳು ಸುಮ್ನೆ ಮಾಡಿಸ್ತಿಲ್ಲ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು ಇಂಥ ಮಾಹಿತಿಯ ವರದಿ ಕೊಡಲೇಬೇಕು ಅಂತ 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಇದೆ. ಯುರೋಪಿಗೆ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಕಳಿಸೋರಿಗೆ 2026ರ ಜನವರಿಯಿಂದ ಅಲ್ಲಿನ ಗಡಿ ಇಂಗಾಲ ಶುಲ್ಕದ (ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಹಾಕುವ ಶುಲ್ಕ) ಬಿಸಿ ಶುರುವಾಗಿದೆ. ಲೆಕ್ಕ ತಪ್ಪಿದರೆ ದುಡ್ಡೇ ಹೋಗುತ್ತೆ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ಜಾಸ್ತಿ ಉರೀತಿದೆ ಅಂತ ಗೊತ್ತಿಲ್ಲದ ಕಾರ್ಖಾನೆ ಏನನ್ನು ಕಮ್ಮಿ ಮಾಡುತ್ತೆ ಹೇಳಿ?

ವರದಿಯಲ್ಲಿ ‘ಜಾಗತಿಕ ತಾಪಮಾನ ಇಂದಿನ ಜ್ವಲಂತ ಸಮಸ್ಯೆ’ ಅಂತ ನಾಲ್ಕು ಪುಟ ತುಂಬಿಸಬೇಡಿ, ಪರೀಕ್ಷಕರು ಅದನ್ನು ಓದಿ ಓದಿ ಸಾಕಾಗಿರ್ತಾರೆ. ಒಂದೇ ಬಿಲ್ ತಗೊಳ್ಳಿ. ಅದು ನಿಮ್ಮ ಕೈಗೆ ಬಂದಾಗ ಹೇಗಿತ್ತು, ಎಲ್ಲಿ ಅನುಮಾನ ಬಂತು, ಯಾರನ್ನು ಕೇಳಿದಿರಿ, ಕೊನೆಗೆ ಎಷ್ಟು ಟನ್ ಅಂತ ನಿಂತಿತು, ಇಷ್ಟನ್ನು ಬಿಡಿಸಿ ಬರೆಯಿರಿ. ಗ್ರಾಹಕ ಕಂಪನಿಯ ಹೆಸರು, ನಿಜವಾದ ಅಂಕಿ ಹಾಕುವ ಮುಂಚೆ ಕಂಪನಿಯಿಂದ ಒಪ್ಪಿಗೆ ತಗೊಳ್ಳಿ.

ಇನ್ನೊಂದು ಅಧ್ಯಾಯ ಊರಲ್ಲೇ ಸಿಗುತ್ತೆ. ಒಂದು ಮಂಡಕ್ಕಿ ಭಟ್ಟಿಗೆ ಹೋಗಿ, ಮಾಲೀಕರನ್ನು ಕೇಳಿ ಅದರ ಲೆಕ್ಕ ಹಾಕಿ. ಅಲ್ಲಿ ಭತ್ತದ ಹೊಟ್ಟು ಉರಿಸ್ತಿದ್ದರೆ ಅದರ ಡೈಆಕ್ಸೈಡನ್ನು ಈ ಪದ್ಧತಿಯಲ್ಲಿ ಸ್ಕೋಪ್‌ಗಳ ಒಳಗೆ ಸೇರಿಸಲ್ಲ, ಬೇರೆ ಸಾಲಲ್ಲಿ ತೋರಿಸ್ತಾರೆ. ಭತ್ತ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡದ್ದೇ ವಾಪಸ್ ಹೋಗುತ್ತೆ ಅನ್ನೋದು ಕಾರಣ. ಉರಿಯುವಾಗ ಹುಟ್ಟುವ ಮೀಥೇನ್, ನೈಟ್ರಸ್ ಆಕ್ಸೈಡ್ ಸ್ವಲ್ಪವೇ ಆದರೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಕಾಗದದ ಮೇಲೆ ಭಟ್ಟಿ ಬಹಳ ಸ್ವಚ್ಛವಾಗಿ ಕಾಣುತ್ತೆ. ಒಳಗೆ ಬಾಣಲೆ ಮುಂದೆ ನಿಂತು ಮರಳಿನಲ್ಲಿ ಅಕ್ಕಿ ಹುರಿಯುವವರು ಮಾತ್ರ ಹೊಗೆ ಕುಡೀತಾನೇ ಇರ್ತಾರೆ. ಈ ಇಂಗಾಲದ ಲೆಕ್ಕಕ್ಕೆ ಅವರ ಕೆಮ್ಮು ಕಾಣಲ್ಲ. ನನ್ನ ಮಟ್ಟಿಗೆ ಇದು ಆ ಪದ್ಧತಿಯ ದೊಡ್ಡ ಕೊರತೆ. ನೀವು ಅದನ್ನು ವರದಿಯಲ್ಲಿ ಎತ್ತಿದರೆ ವೈವಾದಲ್ಲಿ ಒಳ್ಳೇ ಚರ್ಚೆ ಆಗುತ್ತೆ. ಮೆಕ್ಯಾನಿಕಲ್ ಓದಿದವರು, ಒಲೆಯನ್ನೂ ಚಿಮಣಿಯನ್ನೂ ಹೇಗೆ ಸುಧಾರಿಸಬಹುದು ಅಂತ ಒಂದು ಚಿತ್ರ ಬರೆದು ಸೇರಿಸಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಬಿಎಸ್‌ಸಿ ಎರಡನೇ ವರ್ಷ. ಒಂದು ಸಂಸ್ಥೆಯವರು ಮನೆಯಿಂದಲೇ ‘ಕ್ಲೈಮೇಟ್ ಇಂಟರ್ನ್‌ಶಿಪ್’ ಅಂತ ಕೊಡ್ತಾರಂತೆ. ನಾವೇ ಶುಲ್ಕ ಕಟ್ಟಬೇಕು, ಸರ್ಟಿಫಿಕೇಟ್ ಸಿಗುತ್ತೆ. ಸೇರಲಾ?

— ಓದುಗಿ, ಚಿತ್ರದುರ್ಗ

ಉತ್ತರ: ಬೇಡಮ್ಮ. ದುಡಿಯುವವಳು ನೀನು, ದುಡ್ಡೂ ನೀನೇ ಕಟ್ಟೋದು ಅಂದರೆ ಅದು ಸರ್ಟಿಫಿಕೇಟ್ ಮಾರಾಟ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮಳೆ ನಂಬಿ ಶೇಂಗಾ ಬೆಳೆಯುವ ಜಿಲ್ಲೆ ನಮ್ಮದು, ಹವಾಮಾನದ ಪಾಠ ಇದಕ್ಕಿಂತ ಹತ್ತಿರ ಎಲ್ಲಿ ಸಿಗುತ್ತೆ? ವಾಣಿವಿಲಾಸ ಸಾಗರವನ್ನೇ ನೋಡು, 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದಿದ್ದು 2022ರಲ್ಲಿ. ನಿಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಂಡು ಕೇಂದ್ರಕ್ಕೆ ಹೋಗು. ರಜೆಯಲ್ಲಿ ಬಂದು ಮಳೆ ದಾಖಲೆ, ಬೆಳೆ ದಾಖಲೆ ನೋಡ್ತೀನಿ, ರೈತರ ಹೊಲಕ್ಕೂ ನಿಮ್ಮ ಜೊತೆ ಬರ್ತೀನಿ ಅಂತ ಕೇಳು. ಬಸ್ ಚಾರ್ಜ್ ಕೊಡ್ತೀರಾ ಅಂತಾನೂ ಕೇಳು, ಅದರಲ್ಲಿ ಸಂಕೋಚ ಬೇಡ.