ಕೇಳಿ, ಹೇಳ್ತೀವಿ: ದೊಂಬರಾಟದಲ್ಲಿ ಮೋಸ ಎಲ್ಲಿದೆ?

ದಾವಣಗೆರೆಯಲ್ಲಿ ವಾರ್ಡ್ ಮಟ್ಟದ ನಾಯಕರೊಬ್ಬರಿಗೆ ಭಾಷಣ ಬರೆದುಕೊಡುತ್ತೇನೆ. ಹೋದ ತಿಂಗಳು "ಪಾಲಿಕೆಯಲ್ಲಿ ನಡೀತಿರೋದು ಆಡಳಿತ ಅಲ್ಲ, ದೊಂಬರಾಟ" ಅಂತ ಬರೆದೆ. ಒಳ್ಳೇ ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುತ್ತಿದ್ದ ಹುಡುಗ ಹತ್ತಿರ ಬಂದು, "ಸಾರ್, ನಮ್ಮ ತಾತ ಹಗ್ಗದ ಮೇಲೆ ನಡೀತಿದ್ರು. ಅದು ಅಷ್ಟು ಕೆಟ್ಟ ಕೆಲಸಾನಾ?" ಅಂದ. ಅದೊಂದು ಜಾತಿಯ ಹೆಸರು ಅಂತ ನನಗೆ ಹೊಳೆದೇ ಇರಲಿಲ್ಲ. ತಪ್ಪು ನನ್ನದಾ?

ಹೊಳೆದಿರಲಿಲ್ಲ ಅನ್ನೋದನ್ನ ನಂಬುತ್ತೇನೆ, ಯಾಕಂದ್ರೆ ನನಗೂ ಬಹಳ ವರ್ಷ ಹೊಳೆದಿರಲಿಲ್ಲ. ಶಾಸಕರು ರೆಸಾರ್ಟಿಗೆ ಹೋದರೆ ದೊಂಬರಾಟ, ಸದನದಲ್ಲಿ ಕಾಗದ ಹರಿದು ಎಸೆದರೆ ದೊಂಬರಾಟ. ಡೆಸ್ಕಿನಲ್ಲಿ ಕೂತು ಈ ಪದವನ್ನು ಎಷ್ಟು ತಲೆಬರಹಕ್ಕೆ ಏರಿಸಿದ್ದೇನೋ ಲೆಕ್ಕವಿಲ್ಲ. ದೊಂಬರು ಅನ್ನೋ ಜನ ಇದ್ದಾರೆ, ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಆ ಹೆಸರಿದೆ, ಅವರ ಮಕ್ಕಳೂ ಪೇಪರ್ ಓದುತ್ತಾರೆ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಚಿಕ್ಕಂದಿನಲ್ಲಿ ಸಂತೆ ಬಯಲಲ್ಲಿ ನಾನು ನೋಡಿದ ಆಟ ಹೇಳ್ತೀನಿ ಕೇಳಿ. ಎರಡೆರಡು ಬಿದಿರು ಕತ್ತರಿ ಹಾಕಿ ನಿಲ್ಲಿಸಿ ನಡುವೆ ಹಗ್ಗ ಬಿಗಿದಿದ್ದರು. ಅಪ್ಪ ಡೋಲು ಬಾರಿಸುತ್ತಿದ್ದ. ಏಳೆಂಟು ವರ್ಷದ ಹುಡುಗಿ ತಲೆಮೇಲೆ ಮೂರು ಚೊಂಬು ಇಟ್ಟುಕೊಂಡು, ಕೈಯಲ್ಲಿ ಗಳ ಹಿಡಿದು ಈ ಕಡೆಯಿಂದ ಆ ಕಡೆಗೆ ನಡೆದಳು. ಕೆಳಗೆ ಬರೀ ಕಲ್ಲುಮಣ್ಣು. ಆಮೇಲೆ ಅವಳ ತಾಯಿ ತಟ್ಟೆ ಹಿಡಿದು ಸುತ್ತು ಬಂದಳು ನೋಡಿ, ಅಷ್ಟೊತ್ತಿಗೆ ಅರ್ಧ ಜನ ಮೆಲ್ಲಗೆ ಜಾಗ ಖಾಲಿ ಮಾಡಿದ್ದರು. ನಮ್ಮ ಮಾವನೂ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟ. ಆ ಬಯಲಲ್ಲಿ ಮೋಸ ಮಾಡಿದವರು ಯಾರು? ಹಗ್ಗದ ಮೇಲಿದ್ದವಳಂತೂ ಅಲ್ಲ. ಕಾಲು ತಪ್ಪಿದ್ದರೆ ಅವಳು ನಿಜವಾಗಿಯೂ ಬೀಳುತ್ತಿದ್ದಳು. ಪಕ್ಷದಿಂದ ಪಕ್ಷಕ್ಕೆ ಹಾರುವವರು ಬಿದ್ದದ್ದು ನೋಡಿದ್ದೀರಾ? ಬಿದ್ದರೂ ನಿಗಮ ಮಂಡಳಿ ಮೇಲೆ ಬೀಳ್ತಾರೆ.

ಇದು ಬರೀ ಪದದ ಮಾತಲ್ಲ. ಒಂದೂರಲ್ಲಿ ನೆಲೆ ನಿಲ್ಲದವರು, ಬೀದಿಯಲ್ಲಿ ಆಡಿ ಹೊಟ್ಟೆ ಹೊರೆಯುವವರು ಅಂದರೆ ಬ್ರಿಟಿಷರಿಗೆ ಅನುಮಾನ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನೇ ಕಳ್ಳರ ಪಟ್ಟಿಗೆ ಸೇರಿಸಿದರು. ಹುಟ್ಟಿದ ಕೂಸೂ ಕಳ್ಳ! ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ ಅದು ರದ್ದಾಯಿತು. ಕಾಗದದ ಮೇಲೆ ರದ್ದಾಯಿತು ಅನ್ನಿ. ಊರಲ್ಲಿ ಕಳ್ಳತನ ಆದರೆ ಮೊದಲು ಯಾವ ಗುಡಿಸಲಿಗೆ ಪೊಲೀಸರು ಹೋಗುತ್ತಾರೆ ಅಂತ ನಿಮಗೂ ಗೊತ್ತು. ಅಂಥ ಹೊತ್ತಲ್ಲಿ ವೇದಿಕೆಯಿಂದ "ದೊಂಬರಾಟ" ಅಂತ ಕೇಳಿದರೆ ಆ ಹುಡುಗನಿಗೆ ಪಾಲಿಕೆ ನೆನಪಾಗಲ್ಲ, ತಾತ ನೆನಪಾಗ್ತಾನೆ.

ತಪ್ಪು ನಿಮ್ಮದೇ. ದೊಡ್ಡ ತಪ್ಪೇನಲ್ಲ. ಆ ಹುಡುಗನ್ನ ಹುಡುಕಿ ಒಂದು ಮಾತು ಹೇಳಿ ಬನ್ನಿ, ಆದರೆ ನಾಯಕರನ್ನ ಕರ್ಕೊಂಡು ಹೋಗಬೇಡಿ, ಅವರು ಫೋಟೋಗ್ರಾಫರ್‌ನ ಕರ್ಕೊಂಡು ಬರ್ತಾರೆ.

ಬಾಯಿ ತಪ್ಪಿ ಬಂದ ಮಾತಿಗೆಲ್ಲ ಕ್ಷಮೆ ಕೇಳಬೇಕು ಅಂದರೆ ರಾಜಕಾರಣಿ ಬಾಯಿ ಬಿಡೋದೇ ಕಷ್ಟ ಅಲ್ವಾ? ಉದ್ದೇಶ ಒಳ್ಳೇದಿದ್ದರೆ ಸಾಲದೇ?
— ಚಿತ್ರದುರ್ಗ ಕೋಟೆ ರಸ್ತೆಯ ಓದುಗರು

ಕಾನೂನು ಉದ್ದೇಶವನ್ನು ನೋಡುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ "ಅವಮಾನಿಸುವ ಉದ್ದೇಶದಿಂದ" ಅನ್ನೋ ಮಾತಿದೆ. ಆದರೆ ಕೇಸ್ ಬೇರೆ, ಮರ್ಯಾದೆ ಬೇರೆ.

2023ರ ಆಗಸ್ಟ್‌ನಲ್ಲಿ ಉಪೇಂದ್ರ ತಮ್ಮ ಪ್ರಜಾಕೀಯದ ಬಗ್ಗೆ ಫೇಸ್‌ಬುಕ್ ಲೈವ್‌ನಲ್ಲಿ ಮಾತಾಡುತ್ತಾ, ಊರು ಅಂದಮೇಲೆ ಹೊಲಗೇರಿ ಇರುತ್ತೆ ಅನ್ನೋ ಗಾದೆ ಬಳಸಿದರು. ಅವರು ಹೇಳಹೊರಟಿದ್ದು ಟೀಕೆ ಮಾಡುವವರ ಬಗ್ಗೆ. ಕೇಸ್ ಆಯಿತು, ಅವರು ಕ್ಷಮೆಯನ್ನೂ ಕೇಳಿದರು. ದಲಿತರನ್ನು ಬೈಯೋಣ ಅಂತ ಅವರು ಕೂತಿರಲಿಲ್ಲ, ಸರಿ. ಆ ಗಾದೆಯನ್ನೇ ಒಮ್ಮೆ ಬಿಡಿಸಿ ನೋಡಿ. ಊರಿನ ಸತ್ತ ದನ ಎತ್ತಿದವರು, ಊರಿನ ಕೊಳೆ ತೆಗೆದವರು ಆ ಕೇರಿಯವರು. ಅವರನ್ನ ಊರಾಚೆ ಇಟ್ಟವರು ಊರವರು. ಕೊನೆಗೆ ಗಾದೆಯಲ್ಲಿ ಕೊಳೆ ಆದವರು ಯಾರು? ಇಂಥ ಗಾದೆ ಬಾಯಿ ತಪ್ಪಿ ಬರುತ್ತೆ, ನಿಜ. ಅಷ್ಟು ಸಲೀಸಾಗಿ ಬಾಯಿಗೆ ಬರುತ್ತೆ ಅನ್ನೋದೇ ನನಗೆ ದಿಗಿಲು.

ನಿಮ್ಮೂರಿನ ಲೆಕ್ಕದಲ್ಲೇ ಇನ್ನೊಂದು ಹೇಳ್ತೀನಿ. ದುರ್ಗದಲ್ಲಿ "ಕೋತಿರಾಜ" ಅಂದರೆ ಬಿರುದು. ಹಗ್ಗ ಇಲ್ಲದೆ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್‌ಗೆ ಜನ ಪ್ರೀತಿಯಿಂದ ಇಟ್ಟ ಹೆಸರು. ಮನೆಯಲ್ಲಿ ಮಕ್ಕಳನ್ನೂ ಕೋತಿ ಅಂತ ಮುದ್ದಾಗಿ ಬೈತೀವಿ. ಅದೇ 2018ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ರಾನ್ ಡಿಸ್ಯಾಂಟಿಸ್ ಎದುರು ಕಪ್ಪು ಜನಾಂಗದ ಆಂಡ್ರ್ಯೂ ಗಿಲಮ್ ನಿಂತಿದ್ದರು. ಸಮಾಜವಾದಿ ಕಾರ್ಯಕ್ರಮ ಒಪ್ಪಿಕೊಂಡು ರಾಜ್ಯವನ್ನ "ಮಂಗಾಟ ಮಾಡಿ ಕೆಡಿಸಬೇಡಿ" ಅನ್ನೋ ಅರ್ಥದ ಮಾತು ಡಿಸ್ಯಾಂಟಿಸ್ ಬಾಯಿಂದ ಬಂತು. ಜನಾಂಗದ ಬಗ್ಗೆ ಹೇಳಿದ್ದಲ್ಲ ಅಂತ ಅವರ ಕಡೆಯವರು ಅಂದರು. ಇರಬಹುದು. ಆದರೆ ಕಪ್ಪು ಜನರನ್ನ ತಲೆತಲಾಂತರದಿಂದ ಮಂಗ ಅಂತ ಹಂಗಿಸಿದ ನೆಲ ಅದು. ಅಲ್ಲಿ ಆ ಮಾತು ಕೋಟೆ ಗೋಡೆ ಹತ್ತಲ್ಲ. ಅಂದಹಾಗೆ ಚುನಾವಣೆ ಗೆದ್ದದ್ದು ಡಿಸ್ಯಾಂಟಿಸ್ ಅವರೇ, ಮತದಾರರು ಇದಕ್ಕೆಲ್ಲ ಶಿಕ್ಷೆ ಕೊಡ್ತಾರೆ ಅಂತ ನಾನೇನೂ ಹೇಳಲ್ಲ.

ಭಾಷಣದಲ್ಲಿ "ಪಿಂಡಾರಿಗಳ ಹಾಗೆ ಲೂಟಿ ಮಾಡಿದರು" ಅಂದಿದ್ದಕ್ಕೆ ನಮ್ಮ ಪಿಂಜಾರ ಓಣಿಯವರು ಸಿಟ್ಟಾದರು. ಇದಕ್ಕೂ ಕ್ಷಮೆ ಕೇಳಬೇಕಾ?
— ಚಳ್ಳಕೆರೆ

ಇಲ್ಲ. ಪಿಂಡಾರಿ ಬೇರೆ, ಪಿಂಜಾರ ಬೇರೆ. ಪಿಂಡಾರಿಗಳು ಕುದುರೆ ಏರಿ ಕೊಳ್ಳೆ ಹೊಡೆಯುತ್ತಿದ್ದ ದಂಡು, 1817-18ರ ಯುದ್ಧದಲ್ಲಿ ಮುಗಿದು ಹೋದರು. ಪಿಂಜಾರರು ಹತ್ತಿ ಹಿಂಜಿ ಹಾಸಿಗೆ ತುಂಬಿದವರು. ಇಂಥದ್ದೇ ಎಡವಟ್ಟು 1999ರಲ್ಲಿ ವಾಷಿಂಗ್ಟನ್‌ನಲ್ಲಿ ಆಗಿತ್ತು. ಡೇವಿಡ್ ಹೋವರ್ಡ್ ಅನ್ನೋ ಅಧಿಕಾರಿ ಬಜೆಟ್ ಬಗ್ಗೆ ಮಾತಾಡುವಾಗ ಜಿಪುಣತನ ಅನ್ನೋ ಅರ್ಥದ "ನಿಗರ್ಡ್ಲಿ" ಪದ ಬಳಸಿದರು. ಕಪ್ಪು ಜನರನ್ನು ಹೀಯಾಳಿಸುವ ಪದಕ್ಕೂ ಅದಕ್ಕೂ ಹುಟ್ಟಿನ ನಂಟಿಲ್ಲ, ದನಿ ಮಾತ್ರ ಹತ್ತಿರ. ಪಾಪ, ರಾಜೀನಾಮೆ ಕೊಟ್ಟರು, ಆಮೇಲೆ ಮೇಯರ್ ವಾಪಸ್ ಕರೆದರು. ನೀವು ಓಣಿಗೆ ಹೋಗಿ ಚಹಾ ಕುಡಿದು ವಿವರಿಸಿ ಬನ್ನಿ. "ನಿಮಗೆ ಚರಿತ್ರೆ ಗೊತ್ತಿಲ್ಲ" ಅಂತ ಮಾತ್ರ ಶುರು ಮಾಡಬೇಡಿ.

ದಕ್ಷಿಣದವರು ಆಫ್ರಿಕಾದವರ ಹಾಗೆ ಕಾಣ್ತಾರೆ ಅಂತ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ ಅಂದಾಗ ನಮಗೆಲ್ಲ ಅವಮಾನ ಆಗಲಿಲ್ಲವೇ?
— ಹಿರಿಯೂರು

2024ರ ಮೇ ತಿಂಗಳ ಮಾತು. ದೇಶದ ವೈವಿಧ್ಯ ಹೊಗಳಲು ಹೋಗಿ ಪೂರ್ವದವರು ಚೀನಿಯರ ಹಾಗೆ, ದಕ್ಷಿಣದವರು ಆಫ್ರಿಕಾದವರ ಹಾಗೆ ಅಂದರು, ಪಕ್ಷದ ಹುದ್ದೆ ಬಿಟ್ಟರು. ಮುಖ ನೋಡಿ ಜನರನ್ನ ವಿಂಗಡಿಸೋದು ಹಳೇ ಚಾಳಿ, ಅದನ್ನ ಖಂಡಿಸೋಣ. ಆದರೆ ನಿಮಗೆ ಅವಮಾನ ಅನ್ನಿಸಿದ್ದು ವಿಂಗಡಿಸಿದ್ದಕ್ಕೋ, ಆಫ್ರಿಕಾ ಅಂದಿದ್ದಕ್ಕೋ? ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಬಂದದ್ದು ಆಫ್ರಿಕಾದಿಂದಲೇ, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡ್ತಾರೆ. ನಿಮ್ಮ ಪತ್ರ ಅವರೂ ಓದಬಹುದು.

ಮತ್ತೆ ನಾನೇ, ಭಾಷಣ ಬರೆಯುವವನು. "ದೊಂಬರಾಟ" ಬದಲು ಏನು ಬರೀಲಿ?

"ದೊಡ್ಡಾಟ" ಅಂತ ಹೇಳೋಣ ಅಂದ್ಕೊಂಡೆ, ಹರಪನಹಳ್ಳಿ ಕಡೆಯ ಕಲಾವಿದರು ನನಗೇ ಪತ್ರ ಬರೀತಾರೆ. "ನಾಟಕ" ಅನ್ನೋಣ ಅಂದರೆ ಚಿಂದೋಡಿ ಲೀಲಾ ಅವರ ಕಂಪನಿ ಬೆಳೆದ ಊರಲ್ಲಿ ಕೂತು ಹೇಗೆ ಅನ್ನಲಿ? ಸುಮ್ನೆ ಯಾರು, ಯಾವತ್ತು, ಎಷ್ಟನೇ ಸಲ ಪಕ್ಷ ಬದಲಿಸಿದರು ಅಂತ ತಾರೀಖಿನ ಸಮೇತ ಬರೆಯಿರಿ. ನಿಮ್ಮ ನಾಯಕರು ಅದನ್ನ ಓದಲು ಒಪ್ಪುತ್ತಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ, ಅವರದ್ದು ಎಷ್ಟನೇ ಪಕ್ಷ ಅಂತ ನೀವು ಬರೆದಿಲ್ಲ.