ಅಮೆರಿಕದ ಮೊದಲ ಸರ್ಕಾರಿ ವಸತಿ ಸಮುಚ್ಚಯ ಯಾವುದು? ಅದು ಈಗಲೂ ಇದೆಯಾ?

ಅಟ್ಲಾಂಟಾದ ಟೆಕ್‌ವುಡ್ ಹೋಮ್ಸ್. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಜನರಿಗೆ ಕೆಲಸವೂ ಸಿಗಲಿ, ಮನೆಯೂ ಆಗಲಿ ಅಂತ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. 1935ರ ನವೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು, 1936ರಲ್ಲಿ ಜನ ವಾಸಕ್ಕೆ ಬಂದರು. ಒಟ್ಟು 604 ಮನೆ. ಪ್ರತಿ ಮನೆಗೂ ಸ್ನಾನದ ತೊಟ್ಟಿ, ಕರೆಂಟ್ ಒಲೆ! ಆ ಕಾಲಕ್ಕೆ ಅದು ಭಾರಿ ಸೌಕರ್ಯವೇ ಅಲ್ವಾ?

ಆದರೆ ಇದಕ್ಕಾಗಿ ಕೆಡವಿದ ಕೊಳೆಗೇರಿಯಲ್ಲಿ ಕಪ್ಪು ಜನರೂ ಇದ್ದರು. ಹೊಸ ಮನೆಗಳು ಮಾತ್ರ ಬಿಳಿಯರಿಗೆ. 1968ರವರೆಗೂ ಹಾಗೇ ನಡೆಯಿತು. ಕಪ್ಪು ಜನರಿಗೆ ಬೇರೆ ಕಡೆ ಯೂನಿವರ್ಸಿಟಿ ಹೋಮ್ಸ್ ಕಟ್ಟಿದರು. ನನ್ನ ಕೇಳಿದರೆ ಟೆಕ್‌ವುಡ್ ಕಥೆಯ ಅಸಲಿ ಭಾಗ ಇದೇ.

ಈಗ ಅದು ಇಲ್ಲ. 1996ರ ಒಲಿಂಪಿಕ್ಸ್ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲವನ್ನೂ ಕೆಡವಿ, ಅಲ್ಲಿ ಸೆಂಟೆನಿಯಲ್ ಪ್ಲೇಸ್ ಎಂಬ ಹೊಸ ಬಡಾವಣೆ ಮಾಡಿದರು.