ತುಕ್ಕು ತಿಂದ ಹಳೇ ಲಾರಿಯನ್ನು ಇನ್ನೂ ಓಡಿಸಬಹುದೇ? ಮೊದಲು ಸುತ್ತಿಗೆ ತಗೊಳ್ಳಿ, ಬಣ್ಣ ಆಮೇಲೆ

ನಿಮ್ಮ ಪ್ರಶ್ನೆ ಇಷ್ಟು: ಲಾರಿ ಹಳೆಯದು, ಎಂಜಿನ್ನೂ ಗೇರ್‌ಬಾಕ್ಸೂ ಚೆನ್ನಾಗಿವೆ, ಆದರೆ ಚಾಸಿ (ಇಡೀ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು), ಕ್ಯಾಬಿನ್ ನೆಲ, ಬಾಗಿಲ ಅಡಿ ಎಲ್ಲ ಕಡೆ ತುಕ್ಕು. ಇನ್ನೂ ಕೆಲವು ವರ್ಷ ಧೈರ್ಯವಾಗಿ ಓಡಿಸಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಚಾಸಿ ಗಟ್ಟಿಯಿದ್ದರೆ ಓಡಿಸಬಹುದು. ಇಲ್ಲದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿಯನ್ನು ರಸ್ತೆಗಿಳಿಸಬೇಡಿ. ಹಳೇ ಲಾರಿಗಳ ಅಡಿಯಲ್ಲಿ ಮಲಗಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಹೆಚ್ಚಿನವರು ದುಡ್ಡು ಸುರಿಯುವುದು ಬಾಗಿಲು, ಮಡ್‌ಗಾರ್ಡುಗಳ ತುಕ್ಕಿಗೆ, ಏಕೆಂದರೆ ಅದು ದಿನಾ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಬ್ರೇಕ್ ಪೈಪಿನಲ್ಲಿ, ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರಿನಲ್ಲಿ, ಸ್ಟಿಯರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ. ಹಾಗಾಗಿ ಪುಟ್ಟಿ, ಪೇಂಟು ಎಲ್ಲವನ್ನೂ ಸದ್ಯಕ್ಕೆ ಮರೆತುಬಿಡಿ.

ಗಾಡಿಯನ್ನು ಮಟ್ಟಸವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಮರದ ದಿಮ್ಮಿ ಒತ್ತುಕೊಡಿ. ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಬೇಡಿ, ತುಕ್ಕು ಹಿಡಿದ ಜಾಗಕ್ಕೆ ಜಾಕಿ ಕೊಡಲೂಬೇಡಿ. ಚಾಸಿಯ ಮೇಲಿನ ಮಣ್ಣು, ಹಳೇ ಗ್ರೀಸು, ಟಾರು ಕೆರೆದು ತೆಗೆಯಿರಿ. ಆಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಎರಡೂ ಉದ್ದನೆ ತೊಲೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಗೇಣಿಗೊಂದು ಏಟು ಹಾಕುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಸವೆದ ಕಡೆ ದಬ್ ಎಂದು ಮಂಕಾದ ಸದ್ದು ಬಂದು ಹೆಕ್ಕಳಿಕೆ ಉದುರುತ್ತದೆ. ಅನುಮಾನ ಬಂದಲ್ಲಿ ಹಳೇ ಸ್ಕ್ರೂಡ್ರೈವರಿನಿಂದ ಬಲವಾಗಿ ತಿವಿದು ನೋಡಿ. ಒಳಗೆ ಹೋದರೆ ಅಲ್ಲಿ ಲೋಹ ಉಳಿದಿಲ್ಲ ಎಂದೇ ಅರ್ಥ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಎರಡು ತಗಡು ಒಂದರ ಮೇಲೊಂದು ಕೂತಿರುವ ಜಾಗಗಳನ್ನು. ಅಡ್ಡತೊಲೆ ರಿವಿಟ್ ಆಗಿರುವಲ್ಲಿ, ಹ್ಯಾಂಗರ್ ಬ್ರಾಕೆಟ್ಟಿನ ಹಿಂಬದಿಯಲ್ಲಿ, ಈ ಮೊದಲು ಯಾರೋ ಹೆಚ್ಚುವರಿ ಪ್ಲೇಟು ಕೂರಿಸಿದ್ದರೆ ಅದರ ಸಂದಿನಲ್ಲಿ ನೀರು ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ಸಂದಿನಲ್ಲಿ ಬೆಳೆದ ತುಕ್ಕು ಎರಡು ದಪ್ಪ ಪ್ಲೇಟುಗಳನ್ನು ಬಗ್ಗಿಸಿ ಅಗಲಿಸುತ್ತದೆ, ರಿವಿಟಿನ ತಲೆಯನ್ನೇ ಕಿತ್ತುಹಾಕುತ್ತದೆ. ಎರಡು ರಿವಿಟುಗಳ ನಡುವೆ ಪ್ಲೇಟು ಉಬ್ಬಿದ್ದರೆ, ರಿವಿಟಿನ ಸುತ್ತ ಕೆಂಪು ಪುಡಿ ಸೋರಿದ ಗುರುತಿದ್ದರೆ ಆ ಜೋಡಣೆ ಸಡಿಲವಾಗಿದೆ ಅಂತ ತಿಳಿಯಿರಿ. ಅಂಥ ರಿವಿಟನ್ನು ತೆಗೆದು, ತೂತನ್ನು ಸರಿಮಾಡಿ, ಅಳತೆಗೆ ಬಿಗಿಯಾಗಿ ಕೂರುವ 10.9 ದರ್ಜೆಯ (ಹೆಚ್ಚು ಬಲದ ಉಕ್ಕಿನ) ಬೋಲ್ಟು ಹಾಕಬಹುದು. ಸಾದಾ ಬೋಲ್ಟು ಬೇಡ.

ಇನ್ನು ವೆಲ್ಡಿಂಗ್. ತೂತಿನ ಮೇಲೆ ಒಂದು ತಗಡು ಇಟ್ಟು ಸುತ್ತ ವೆಲ್ಡ್ ಹೊಡೆಯುವುದನ್ನು ನಾನು ರಿಪೇರಿ ಅನ್ನುವುದಿಲ್ಲ. ತುಕ್ಕು ಒಳಗೇ ಉಳಿಯುತ್ತದೆ, ಹೊಸ ಸಂದು ಹುಟ್ಟುತ್ತದೆ, ವೆಲ್ಡಿನ ಪಕ್ಕದಲ್ಲೇ ಮತ್ತೆ ಕಿತ್ತು ಬರುತ್ತದೆ. ಕ್ಯಾಬಿನ್ ತಗಡಾದರೆ ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಚಾಸಿಯದು ಬೇರೆ ಮಾತು. ಹಲವು ಭಾರೀ ಲಾರಿಗಳ ತೊಲೆಗಳನ್ನು ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಮತ್ತೆ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ. ಅಂಥದ್ದಕ್ಕೆ ತಯಾರಕರ ಕೈಪಿಡಿ ಒಪ್ಪದೆ ವೆಲ್ಡ್ ಮಾಡಲೇಬಾರದು, ಬೋಲ್ಟಿನಿಂದ ಬಲಪಡಿಸಬೇಕು. ತೊಲೆಯ ಮೇಲಿನ, ಕೆಳಗಿನ ಅಂಚಿನ ಮಡಿಕೆಗಳೇ ಬಾಗುವ ಭಾರದ ಬಹುಪಾಲನ್ನು ಹೊರುವುದು. ಅಲ್ಲಿ ಅಡ್ಡಲಾಗಿ ಎಳೆದ ವೆಲ್ಡು ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಬಲಪಡಿಸುವ ಪ್ಲೇಟಿನ ತುದಿಗಳನ್ನೂ ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಬೇಕು, ಇಲ್ಲವಾದರೆ ಪ್ಲೇಟು ಮುಗಿದ ಗೆರೆಯಲ್ಲೇ ತೊಲೆ ಸೀಳುತ್ತದೆ. ಈ ಕೆಲಸವನ್ನು ಚಾಸಿ ಗೊತ್ತಿರುವವರ ಕೈಗೇ ಕೊಡಿ. ಎಲ್ಲೇ ವೆಲ್ಡ್ ಮಾಡಿದರೂ ಮೊದಲು ಬ್ಯಾಟರಿ ಬಿಚ್ಚಬೇಕು.

ಚಾಸಿ ಪಾಸಾದರೆ ಮುಂದಿನದು ಬ್ರೇಕು. ಇದರಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವವನಲ್ಲ. ಆಯಿಲ್ ಬ್ರೇಕಿನ ಗಾಡಿಯಾದರೆ ಉಕ್ಕಿನ ಪೈಪುಗಳನ್ನು ಒರೆಸಿ ಇಡೀ ಉದ್ದ ಬೆರಳಾಡಿಸಿ. ನಾನು ಬಿಚ್ಚಿದ ಎಷ್ಟೋ ಪೈಪುಗಳು ಹೊರಗೆ ಚೆನ್ನಾಗಿಯೇ ಕಂಡರೂ ಕ್ಲಿಪ್ಪಿನ ಅಡಿಯಲ್ಲಿ ತಿಂದುಹೋಗಿದ್ದವು. ಗುಳಿ ಬಿದ್ದ ಪೈಪಿಗೆ ಬಣ್ಣ ಬಳಿದು ಮುಂದೆ ಹೋಗಬೇಡಿ, ಒಂದು ಕಡೆ ತೂತಾದರೆ ಆ ಕಡೆಯನ್ನಷ್ಟೇ ಕತ್ತರಿಸಿ ಜೋಡಿಸಲೂಬೇಡಿ. ಒಂದು ಪೈಪು ಹೋಗಿದೆ ಅಂದರೆ ಅದೇ ವಯಸ್ಸಿನ ಉಳಿದವೂ ಸರದಿಯಲ್ಲಿವೆ, ಎಲ್ಲವನ್ನೂ ಬದಲಿಸಿ. ತಾಮ್ರ ಮತ್ತು ಸುಮಾರು 10 ಶೇಕಡ ನಿಕಲ್ ಸೇರಿದ ಮಿಶ್ರಲೋಹದ ಬ್ರೇಕ್ ಪೈಪು ಸಿಗುತ್ತದೆ. ಅದಕ್ಕೆ ಉಕ್ಕಿನ ಹಾಗೆ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ಬರೀ ತಾಮ್ರದ ಪೈಪು ಅದುರಿ ಅದುರಿ ಬಿರಿಯುವುದರಿಂದ ಅದು ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿನಿಂದಲೂ ತುಕ್ಕು ತರುತ್ತದೆ. 2 ವರ್ಷಕ್ಕೊಮ್ಮೆ ಬದಲಿಸಿ.

ಏರ್ ಬ್ರೇಕಾದರೆ ಟ್ಯಾಂಕಿನ ನೀರನ್ನು ದಿನಾ ಬಿಡಬೇಕು. ಒತ್ತಿದ ಗಾಳಿಯಲ್ಲಿನ ತೇವ ಅಲ್ಲೇ ನೀರಾಗಿ ನಿಲ್ಲುತ್ತದೆ, ಟ್ಯಾಂಕು ತಳದಿಂದ ಸವೆಯುತ್ತದೆ. ಬ್ರೇಕ್ ಶೂಗೂ ಅದರ ಮೇಲೆ ಕೂತು ಡ್ರಮ್ಮಿಗೆ ಉಜ್ಜುವ ಲೈನಿಂಗಿಗೂ ನಡುವೆ ತುಕ್ಕು ಬೆಳೆದು ಲೈನಿಂಗನ್ನು ಎತ್ತಿ ಒಡೆಯುತ್ತದೆ, ಅದನ್ನೂ ನೋಡಿಕೊಳ್ಳಿ. ಒಂದು ವಿಷಯ ಕೈಮುಗಿದು ಹೇಳುತ್ತೇನೆ: ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಇರುವ ಚೇಂಬರಿನ ಪಟ್ಟಿಗೋ ಡಬ್ಬಿಗೋ ತುಕ್ಕು ಹಿಡಿದಿದ್ದರೆ ಅದನ್ನು ನೀವೇ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಜೀವ ಹೋಗುತ್ತದೆ. ಆ ಸ್ಪ್ರಿಂಗನ್ನು ಕಟ್ಟಿಹಾಕುವ ಬೋಲ್ಟು, ವಿಧಾನ ಗೊತ್ತಿರುವವರೇ ಇಡೀ ಚೇಂಬರನ್ನು ಬದಲಿಸಲಿ.

ಕ್ಯಾಬಿನ್ ನೆಲದ ತೂತನ್ನು ಜನ ಮಳೆನೀರಿನ ತೊಂದರೆ ಅಂತಷ್ಟೇ ನೋಡುತ್ತಾರೆ. ಸೈಲೆನ್ಸರ್ ಪೈಪಿಗೂ ತುಕ್ಕು ಹಿಡಿದು ಕ್ಯಾಬಿನ್ ಅಡಿಯಲ್ಲೇ ಹೊಗೆ ಸೋರುತ್ತಿದ್ದರೆ ಆ ತೂತಿನಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು, ಮಂಪರು ಬಂದಾಗ ಡ್ರೈವರ್ ಅದನ್ನು ಆಯಾಸ ಅಂದುಕೊಳ್ಳುತ್ತಾನೆ. ಆದ್ದರಿಂದ ಬಾಗಿಲಿಗಿಂತ ಮೊದಲು ನೆಲ, ನೆಲದ ಜೊತೆಗೇ ಸೈಲೆನ್ಸರ್. ಸೀಟು, ಸೀಟ್ ಬೆಲ್ಟು, ಕ್ಯಾಬಿನ್ ಮೌಂಟಿಂಗ್ ಇವೆಲ್ಲ ಹಿಡಿದುಕೊಂಡಿರುವುದೂ ಅದೇ ತಗಡನ್ನು.

ಸ್ಪ್ರಿಂಗ್ ಪ್ಲೇಟುಗಳಲ್ಲಿ ಬಿರುಕು, ಸವೆದ ಶ್ಯಾಕಲ್ ಪಿನ್ನು, ತೆಳುವಾದ ಯು-ಬೋಲ್ಟು, ಟೈ ರಾಡ್ ತುದಿಗಳ ಆಟ ಇವನ್ನು ಯಾವ ಒಳ್ಳೆ ಮೆಕ್ಯಾನಿಕ್ಕೂ ನೋಡುತ್ತಾನೆ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಚಕ್ರದ ನಟ್ಟಿನಿಂದ ಹೊರಟ ತುಕ್ಕಿನ ಗೆರೆಗಳನ್ನು ಮಾತ್ರ ಹಲವರು ಗಮನಿಸುವುದಿಲ್ಲ. ನಟ್ಟು ಸಡಿಲವಾಗಿ ಚಕ್ರದ ಡಿಸ್ಕು (ಚಕ್ರದ ನಡುವಿನ ಉಕ್ಕಿನ ತಟ್ಟೆ) ಅಲುಗಾಡುತ್ತಿರಬಹುದು ಎಂಬುದಕ್ಕೆ ಅದು ಗುರುತು. ಚಕ್ರ ಕೂರುವ ಹಬ್ಬೂ ಡಿಸ್ಕೂ ಕೂಡುವ ಮುಖದಲ್ಲಿ ತುಕ್ಕಿನ ಪದರ ಇದ್ದರೆ ಓಡುವಾಗ ಅದು ಪುಡಿಯಾಗಿ ನಟ್ಟಿನ ಬಿಗಿ ಇಳಿಯುತ್ತದೆ. ಎರಡೂ ಮುಖ ಉಜ್ಜಿ ಕೂರಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನಟ್ಟಿನ ಬಿಗಿ (ಟಾರ್ಕ್) ನೋಡಿ.

ಹಳೇ ತುಕ್ಕು ಗಾಡಿಯಲ್ಲಿ ಲೈಟು ಮಂಕು, ಸ್ಟಾರ್ಟರ್ ನಿಧಾನ ಅಂದರೆ ಬ್ಯಾಟರಿಯನ್ನು ಬೈಯುವ ಮೊದಲು ಅರ್ತ್ ನೋಡಿ. ಕರೆಂಟು ಚಾಸಿಯ ಮೂಲಕ ಹಿಂದಿರುಗಬೇಕು, ತುಕ್ಕು ಅದಕ್ಕೆ ದಾರಿ ಬಿಡುವುದಿಲ್ಲ. ಬ್ಯಾಟರಿಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ ದಪ್ಪ ವೈರು ಎಳೆದು, ಕೂರುವ ಜಾಗವನ್ನು ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿ. ಡೀಸೆಲ್ ಟ್ಯಾಂಕಿನೊಳಗೆ ತುಕ್ಕಿದ್ದರೆ ಫಿಲ್ಟರ್ ಮತ್ತೆಮತ್ತೆ ಕಟ್ಟಿಕೊಳ್ಳುತ್ತದೆ. ಟ್ಯಾಂಕು ಬದಲಿಸುವುದೇ ಸರಿ. ಖಾಲಿ ಟ್ಯಾಂಕಿಗೆ ವೆಲ್ಡ್ ಮಾಡಲು ಹೋಗಬೇಡಿ, ಒಳಗಿನ ಆವಿ ಸಿಡಿಯುತ್ತದೆ.

ಇಷ್ಟಾದ ಮೇಲೆ, ಉಳಿದ ಲೋಹವನ್ನು ಉಳಿಸಿಕೊಳ್ಳುವ ಕೆಲಸ. ತುಕ್ಕು ಪರಿವರ್ತಕ ದ್ರಾವಣಗಳಲ್ಲಿ ಟ್ಯಾನಿಕ್ ಆಮ್ಲವೋ ಫಾಸ್ಫಾರಿಕ್ ಆಮ್ಲವೋ ಇರುತ್ತದೆ. ಹೆಕ್ಕಳಿಕೆ ಕೆರೆದ ಮೇಲೆ ಉಳಿದ ತೆಳು ತುಕ್ಕನ್ನು ಅವು ಸ್ಥಿರವಾದ ಕಪ್ಪು ಪದರವಾಗಿಸುತ್ತವೆ. ದಪ್ಪ ತುಕ್ಕಿನ ಮೇಲೆ ಸುರಿದರೆ ಪ್ರಯೋಜನವಿಲ್ಲ. ಕೈ ಎಟುಕುವ ಕಡೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಸಂದು, ಪೊಳ್ಳುಗಳಿಗೆ ತೆಳುವಾಗಿ ನುಗ್ಗುವ ಮೇಣವನ್ನೋ ಕುರಿ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಲೇಪವನ್ನೋ ಸಿಂಪಡಿಸಿ. ಅವು ಒಣಗಿ ಗಟ್ಟಿಯಾಗುವುದಿಲ್ಲ, ಗೀರು ಬಿದ್ದರೂ ಬಹುಮಟ್ಟಿಗೆ ಹರಿದು ಮುಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಟಾರಿನಂಥ ದಪ್ಪ ಲೇಪವನ್ನು ತುಕ್ಕಿನ ಮೇಲೆ ಬಳಿಯುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ: ಅದು ಕೆಲಕಾಲದಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಒಣಗುವುದೇ ಇಲ್ಲ, ಮೇಲಿನಿಂದ ಎಲ್ಲ ಕಪ್ಪಗೆ ಚೆಂದ ಕಾಣುತ್ತಿರುತ್ತದೆ. ಹಳೇ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ರಬ್ಬರ್ ಬುಶ್ಶುಗಳನ್ನು ಹಾಳುಮಾಡುತ್ತದೆ, ತೊಟ್ಟಿಕ್ಕಿ ನೆಲ ಕೆಡಿಸುತ್ತದೆ.

ಬಾಗಿಲ ಅಡಿಯ, ಅಡ್ಡತೊಲೆಯ ನೀರಿಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿಡಿ. ಉಪ್ಪು ತಾಗುವ ರಸ್ತೆಯಲ್ಲೋ ಕಡಲ ಗಾಳಿಯಲ್ಲೋ ಓಡಿಸುವುದಾದರೆ ಅಡಿಭಾಗವನ್ನು ಆಗಾಗ ಸಿಹಿನೀರಿನಿಂದ ತೊಳೆದು ಗಾಳಿಯಾಡುವ ಕಡೆ ನಿಲ್ಲಿಸಿ. ಮುಚ್ಚಿದ, ಬೆಚ್ಚಗಿನ, ತೇವದ ಶೆಡ್ಡಿನಲ್ಲಿ ಅದಕ್ಕೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.

ಸುತ್ತಿಗೆ ಹಿಡಿದು ನೋಡುವಾಗ ಸ್ಟಿಯರಿಂಗ್ ಬಾಕ್ಸಿನ ಬುಡದಲ್ಲೋ ಹ್ಯಾಂಗರಿನ ಬುಡದಲ್ಲೋ ತೊಲೆಯ ಮಡಿಕೆ ತೂತಾಗಿದ್ದರೆ ಮೇಲೆ ಹೇಳಿದ ಯಾವ ಖರ್ಚನ್ನೂ ಶುರುಮಾಡಬೇಡಿ. ಆಗ ಉಳಿಯುವುದು ಒಳ್ಳೇ ಚಾಸಿ ಹುಡುಕಿ, ನಿಮ್ಮಲ್ಲಿ ಕಾನೂನು ಒಪ್ಪಿದರೆ ದಾಖಲೆ ಬದಲಿಸಿ, ನಿಮ್ಮ ಎಂಜಿನ್ ಗೇರ್‌ಬಾಕ್ಸನ್ನು ಅದಕ್ಕೆ ಇಳಿಸುವ ದಾರಿ. ತೊಲೆಗಳು ಠಣ್ ಎಂದರೆ ನಾಳೆಯೇ ಬ್ರೇಕ್ ಪೈಪಿನ ಅಳತೆ ತೆಗೆಯಿರಿ.